ಮನೆ ಖರೀದಿ: ವಕೀಲರು ಓದುವ ಇತಿಹಾಸ

ಕರಿ ಕೋಟು ಕಂಡರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ತಂಟೆ ತಕರಾರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಮುಗಿಯದ ವಾಯಿದೆ. ಆದರೆ ವಕೀಲರ ಕೆಲಸದ ದೊಡ್ಡದೊಂದು ಭಾಗ ಕಕ್ಷಿದಾರರು ಕೋರ್ಟಿನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುವುದೇ ಆಗಿದೆ ಎಂಬುದು ಅನೇಕರಿಗೆ ತಿಳಿಯದು. ಮನೆ ಕೊಳ್ಳುವ ಮುನ್ನ, ಅಂಗಡಿ ಹಾಕುವ ಮುನ್ನ ಕಾಗದಪತ್ರ ಓದಿಸುವುದು ಅಂಥ ಕೆಲಸ. ಯಾದಗಿರಿ, ಶಹಾಪುರ, ಸುರಪುರಗಳ ಮಟ್ಟಿಗೆ ಈ ಓದು ಇತಿಹಾಸದ ಓದೂ ಹೌದು.

‘ವಕೀಲ’ ಅರಬ್ಬಿ ಮೂಲದ ಪದ. ಇನ್ನೊಬ್ಬರ ಪರವಾಗಿ ಕೆಲಸ ನಡೆಸಲು ನೇಮಕಗೊಂಡವನು, ಪ್ರತಿನಿಧಿ ಎಂಬುದು ಅದರ ಅರ್ಥ. ದಸ್ತಾವೇಜು, ಖರೀದಿ, ವಾರಸುದಾರ, ಹಕ್ಕು, ಮಂಜೂರು ಇವೆಲ್ಲ ಅರಬ್ಬಿ, ಪಾರಸಿಗಳಿಂದ ಬಂದು ಕನ್ನಡದ್ದೇ ಆಗಿಹೋದ ಪದಗಳು. 1961ರ ಕಾಯ್ದೆ ದೇಶಕ್ಕೆಲ್ಲ ‘ಅಡ್ವೊಕೇಟ್’ ಎಂಬ ಒಂದೇ ವರ್ಗವನ್ನು ಗೊತ್ತುಪಡಿಸಿದರೂ ಈ ಭಾಗದಲ್ಲಿ ‘ವಕೀಲ ಸಾಹೇಬ್ರು’ ಎಂಬ ಮಾತೇ ಉಳಿದಿದೆ.

ಆಡಳಿತ ಬದಲಾದಂತೆ ಕಾಗದ

ಸುರಪುರ ನಾಯಕ ಅರಸರ ಸಂಸ್ಥಾನವಾಗಿತ್ತು. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮೇಲೆ ಸಂಸ್ಥಾನ ಕೈತಪ್ಪಿತು. 1860ರ ಒಪ್ಪಂದದಲ್ಲಿ ಬ್ರಿಟಿಷರು ಅದನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಹೀಗೆ ಮೂರೂ ಊರುಗಳು ಹೈದರಾಬಾದ್ ಸಂಸ್ಥಾನದ ಆಡಳಿತಕ್ಕೆ ಸೇರಿದವು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 2010ರಲ್ಲಿ ಯಾದಗಿರಿಯೇ ಜಿಲ್ಲೆಯಾಯಿತು. ಆ ಬಳಿಕ ಹುಣಸಗಿ, ಗುರುಮಠಕಲ್, ವಡಗೇರಾ ಹೊಸ ತಾಲ್ಲೂಕುಗಳಾದವು.

ಪ್ರತಿ ಬದಲಾವಣೆಯೂ ದಾಖಲೆಗಳಲ್ಲಿ ತನ್ನ ಗುರುತು ಬಿಟ್ಟಿದೆ. ನಿಜಾಮನ ಕಾಲದ ಕಚೇರಿ ಭಾಷೆ ಉರ್ದು. ದಿನಾಂಕ ಹಾಕುತ್ತಿದ್ದುದು ಫಸಲಿ ವರ್ಷದಲ್ಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಜಾಗೀರು ರದ್ದತಿಯ ಶಾಸನದ ಮೇಲಿರುವ 1358 ಫಸಲಿ ಎಂದರೆ 1948-49. ಹೊಲಗಳ ವಿಚಾರಕ್ಕೆ 1954-55ರ ‘ಖಾಸ್ರಾ ಪಹಣಿ’ಯನ್ನು ಇಂದಿಗೂ ಹುಡುಕಿ ತೆಗೆಯುತ್ತಾರೆ. ಆ ಹೊಲ ಆಗ ಯಾರ ಹೆಸರಿನಲ್ಲಿತ್ತು, ಯಾರು ಉಳುತ್ತಿದ್ದರು ಎಂಬುದಕ್ಕೆ ಅದೊಂದು ಮುಖ್ಯ ಆಧಾರ. ಇಂದಿನ ಪ್ಲಾಟುಗಳಲ್ಲಿ ಬಹಳಷ್ಟು ಅಂದಿನ ಹೊಲಗಳೇ. ಆದ್ದರಿಂದ ಕಂಪ್ಯೂಟರಿನಿಂದ ಬಂದ ಪಹಣಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರ ಬೇರು ಹಳೆಯ ಉರ್ದು ಕಾಗದದಲ್ಲಿರಬಹುದು. ಅದನ್ನು ಓದಬಲ್ಲವರಿಂದ ಓದಿಸಿ, ಅನುವಾದ ಮಾಡಿಸಿ ಇಟ್ಟುಕೊಳ್ಳುವುದು ವಕೀಲರ ಕೆಲಸದ ಮೊದಲ ಹೆಜ್ಜೆ.

ಕೊಂಡಿ ಕೂಡಿಸುವ ಕೆಲಸ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಹಾಪುರದಲ್ಲಿ ಒಬ್ಬ ಶಿಕ್ಷಕರು ಮನೆ ಕೊಳ್ಳಬೇಕೆಂದಿದ್ದಾರೆ. ಮನೆ ಚೆನ್ನಾಗಿದೆ, ಬೆಲೆ ಹೊಂದಿದೆ, ಮಾರುವವರು ಪರಿಚಯದವರು. ವಕೀಲರು ಕೇಳುವ ಮೊದಲ ಪ್ರಶ್ನೆ: ಮಾರುವವರಿಗೆ ಈ ಮನೆ ಹೇಗೆ ಬಂತು? ತಂದೆಯಿಂದ ಬಂದಿದ್ದರೆ, ತಂದೆಗೆ ಹೇಗೆ ಬಂತು? ಹೀಗೆ ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗುತ್ತಾರೆ. ನಡುವೆ ಒಂದು ಕೊಂಡಿ ಕಳಚಿದ್ದರೂ ಅದಕ್ಕೆ ಉತ್ತರ ಸಿಗುವವರೆಗೆ ಹಣ ಕೊಡಬೇಡಿ ಎನ್ನುತ್ತಾರೆ.

ಅನಂತರ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ಜನ ‘ಇಸಿ’ ಎನ್ನುವ ಕಾಗದ ತೆಗೆಸಬೇಕು. ಅದರಲ್ಲಿ ನೋಂದಣಿಯಾದ ಮಾರಾಟ, ಅಡಮಾನಗಳು ಕಾಣುತ್ತವೆ. ಬಾಯಿಮಾತಿನ ಪಾಲು, ನೋಂದಣಿಯಾಗದ ಮೃತ್ಯುಪತ್ರ, ಕೋರ್ಟಿನಲ್ಲಿ ನಡೆದಿರುವ ದಾವೆ ಅದರಲ್ಲಿ ಕಾಣುವುದಿಲ್ಲ. ಮೂಲಪತ್ರವನ್ನೇ ಒಪ್ಪಿಸಿ ಸಾಲ ತೆಗೆಯುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದಲೇ ವಕೀಲರು ಜೆರಾಕ್ಸ್ ಪ್ರತಿಯನ್ನು ಒಪ್ಪದೆ ಮೂಲಪತ್ರ ಕೇಳುತ್ತಾರೆ. ನಗರಸಭೆಯ ಖಾತೆಯ ವಿಚಾರದಲ್ಲೂ ತಪ್ಪು ತಿಳಿವಳಿಕೆ ಇದೆ. ಖಾತೆ ತೆರಿಗೆ ವಸೂಲಿಗಾಗಿ ಇಟ್ಟ ದಾಖಲೆ. ಅದು ಬೇಕು, ಆದರೆ ಅದೊಂದರಿಂದಲೇ ಒಡೆತನ ಸಿದ್ಧವಾಗುವುದಿಲ್ಲ.

ಮೂರನೆಯದು ಮನೆತನದ ವಿಚಾರ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಪಿತ್ರಾರ್ಜಿತ ಮನೆ ಮಾರಿದರೆ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರು ನಾಳೆ ತಮ್ಮ ಪಾಲು ಕೇಳಬಹುದು. ಕೇಳುವುದು ಅವರ ಹಕ್ಕು. ಪೇಚಿಗೆ ಸಿಲುಕುವವರು ಕೊಂಡವರು.

ನಾಲ್ಕನೆಯದು ಜಾಗದ ಸ್ವರೂಪ. ಹೊಲವನ್ನು ಎನ್.ಎ. ಮಾಡಿಸದೆ, ಬಡಾವಣೆಗೆ ಮಂಜೂರಾತಿ ಪಡೆಯದೆ ಗುಂಟೆ ಲೆಕ್ಕದಲ್ಲಿ ಮಾರಿದ ಪ್ಲಾಟುಗಳಲ್ಲಿ ಮನೆ ಕಟ್ಟಿಕೊಂಡವರು ಪರವಾನಗಿಗೂ ಬ್ಯಾಂಕ್ ಸಾಲಕ್ಕೂ ಅಲೆಯಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ, ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಿನದು. 1978ರ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಅದನ್ನು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಮರಳಿ ಕೊಡಿಸಲು ಅವಕಾಶವಿದೆ. ಈ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿತು. ಬಡವರ ಭೂಮಿ ಕಡಿಮೆ ಬೆಲೆಗೆ ಕೈಬಿಟ್ಟು ಹೋಗಬಾರದೆಂಬುದು ಕಾಯ್ದೆಯ ಉದ್ದೇಶ. ಪರಿಶಿಷ್ಟ ಪಂಗಡದವರು ಗಣನೀಯ ಸಂಖ್ಯೆಯಲ್ಲಿರುವ ಸುರಪುರ ಭಾಗದಲ್ಲಿ ಇದನ್ನು ಮರೆಯುವಂತಿಲ್ಲ.

ಬಾಂಡ್ ಬರೆದರೆ ಸಾಕೆ?

ಈ ಭಾಗದಲ್ಲಿ ಇಂದಿಗೂ ಕೇಳಿಬರುವ ಮಾತು ‘ಬಾಂಡ್ ಮ್ಯಾಲ ಬರೆಸಿಕೊಂಡೀವಿ’ ಎಂಬುದು. ಛಾಪಾ ಕಾಗದದ ಮೇಲೆ ಬರೆದು, ಪಂಚರ ಸಹಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸಿದರೆ ಮನೆ ತಮ್ಮದಾಯಿತು ಎಂಬ ನಂಬಿಕೆ. ಆದರೆ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿ ಆಗಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ನೂರು ರೂಪಾಯಿಗೆ ಇಂದು ಯಾವ ಮನೆಯೂ ಸಿಗದು. ಅಂದಮೇಲೆ ಎಲ್ಲ ಮನೆಗಳಿಗೂ ಈ ಮಾತು ಅನ್ವಯ. ಇಸಾರ ಕೊಟ್ಟು ಮಾಡಿಕೊಂಡ ಕರಾರು ಮುಂದೆ ಮಾರುತ್ತೇನೆಂಬ ವಚನವೇ ಹೊರತು ಮಾರಾಟವಲ್ಲ. ಮುಖ್ತಿಯಾರ್ ಪತ್ರದ ಮೂಲಕ ನಡೆಸುವ ‘ಮಾರಾಟ’ದಿಂದಲೂ ಒಡೆತನ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ.

ಮುದ್ರಾಂಕ ಶುಲ್ಕ ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳುವ ಸಂಭವ ಇಲ್ಲಿಯೇ ಇರುವುದು. ಮಾರಿದವರು ತೀರಿಕೊಂಡು ಅವರ ಮಕ್ಕಳು ಕೈತಿರುಗಿಸಿದರೆ, ಬಾಂಡ್ ಹಿಡಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ನಂಬಿಕೆ ದೊಡ್ಡದು ನಿಜ. ಆದರೆ ನಂಬಿದ ಇಬ್ಬರೂ ಇಲ್ಲವಾದ ಮೇಲೆ ಉಳಿಯುವುದು ಕಾಗದ ಮಾತ್ರ.

ಅಂಗಡಿಯ ಲೆಕ್ಕ

ವ್ಯಾಪಾರದ ವಿಚಾರದಲ್ಲೂ ಕಥೆ ಬೇರೆಯಲ್ಲ. ಹತ್ತಿ, ತೊಗರಿ, ಶೇಂಗಾ ವಹಿವಾಟಿನ ಈ ಊರುಗಳಲ್ಲಿ ಇಬ್ಬರು ಮೂವರು ಸೇರಿ ಅಡತಿ ಅಂಗಡಿ ಹಾಕುವುದು, ದಾಲ್ ಮಿಲ್ ನಡೆಸುವುದು ಹಳೆಯ ರೂಢಿ. 1932ರ ಪಾಲುದಾರಿಕೆ ಕಾಯ್ದೆಯ ಎರಡು ಮಾತುಗಳನ್ನು ವಕೀಲರು ಮೊದಲೇ ಹೇಳುತ್ತಾರೆ. ಒಂದು, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ವ್ಯಾಪಾರದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಆದರೆ ಹೊರಗಿನವರು ಅದರ ಮೇಲೆ ಹೂಡಬಹುದು. ಎರಡು, ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಅಂಗಡಿಯ ಸಾಲ ಸ್ವಂತ ಮನೆಯ ಬಾಗಿಲಿಗೂ ಬರಬಹುದು.

ಉದ್ರಿ ವ್ಯಾಪಾರಕ್ಕೂ ಗಡುವುಗಳಿವೆ. ಉದ್ರಿ ಕೊಟ್ಟ ಸರಕಿನ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ಬಾಕಿದಾರರು ಬಾಕಿ ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಆ ದಿನದಿಂದ ಹೊಸದಾಗಿ ಎಣಿಕೆ. ಚೆಕ್ ವಾಪಸಾದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿ 15 ದಿನ ಕಳೆದರೂ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಅಂಗಡಿ ಬಾಡಿಗೆಯ ಕರಾರು 11 ತಿಂಗಳಿಗೇ ಏಕೆ ಎಂಬುದಕ್ಕೂ ಉತ್ತರ ಕಾನೂನಿನಲ್ಲಿದೆ: ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ.

ವಕೀಲರ ಫೀ ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

ಮಗಳ ಮದುವೆಗೆ ಹತ್ತು ಕಡೆ ವಿಚಾರಿಸುವ ನಮ್ಮವರು, ಜೀವಮಾನದ ಗಳಿಕೆ ಸುರಿದು ಕೊಳ್ಳುವ ಮನೆಯ ವಿಚಾರದಲ್ಲಿ ಮಧ್ಯವರ್ತಿಯ ಮಾತನ್ನೇ ಸಾಕೆಂದು ನಂಬಿಬಿಡುವುದುಂಟು. ಇಸಾರದ ಹಣ ಕೈಬಿಡುವ ಮುನ್ನ ಕಡತವನ್ನೊಮ್ಮೆ ವಕೀಲರ ಮುಂದೆ ಇಟ್ಟರೆ, ಆ ಮನೆ ಮುಂದೆ ಮಕ್ಕಳಿಗೆ ತಕರಾರಿಲ್ಲದೆ ಉಳಿದೀತು.