ಆನೆಕೋವಿಯ ತೂಕ

ಕುದೇರು, ಸಂತೇಮರಹಳ್ಳಿಗಳ ಸುತ್ತಲಿನ ಬಯಲಿನಿಂದ ಬಿಳಿಗಿರಿರಂಗನ ಬೆಟ್ಟದ ಅಡಿಯವರೆಗೆ ಹರಡಿರುವ ನೆಲದಲ್ಲಿ ಬೇಟೆಗೆ ಹೊರಟವನಿಗೆ ಬಯಲು ದಾಟುವವರೆಗೆ ಕುದುರೆಯೇ ಅನುಕೂಲವಾಗಿದ್ದರೂ, ಕಾಡಂಚು ತಲುಪಿದ ಮೇಲೆ ಅವನು ಇಳಿದು ನಡೆಯಲೇಬೇಕಾಗಿತ್ತು. ಕುದುರೆ ಮೇಲಿನ ಬೇಟೆಗೆ ಎಂಥ ಕೋವಿ ತಕ್ಕುದೆಂಬ ಪ್ರಶ್ನೆ ಇಲ್ಲಿ ಹುಟ್ಟಿದ್ದೇ ಈ ಎರಡು ನೆಲಗಳ ನಡುವಿನಲ್ಲಿ. ತೆರೆದ ಬಯಲಿನ ಕಾಡುಹಂದಿಗೆ ಹತ್ತೊಂಬತ್ತನೆಯ ಶತಮಾನದ ಸವಾರರು ಈಟಿಯನ್ನೇ ನಂಬಿದ್ದರು. ಲಗಾಮು ಹಿಡಿದ ಒಂದು ಕೈ ಬಿಟ್ಟರೆ ಉಳಿಯುವ ಇನ್ನೊಂದೇ ಕೈಯಲ್ಲಿ ಗುರಿ ನಿಲ್ಲಿಸುವುದು ಹಗುರ ಕೋವಿಗೂ ಕಷ್ಟವಾಗಿತ್ತು.

ಕುದುರೆಯಿಂದ ಇಳಿದು ಕಾಡಿನಲ್ಲಿ ಆನೆಯ ಬೆನ್ನುಹತ್ತುವವನಿಗೆ ಎಂಥ ಕೋವಿ ಬೇಕೆಂಬ ಪ್ರಶ್ನೆಗೆ ಬಲು ಭಾರವಾದ ಉತ್ತರ ಕೊಟ್ಟವನು ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್. 1864ರಲ್ಲಿ ಇನ್ನೂ ಹದಿಹರೆಯದವನಾಗಿ ಭಾರತಕ್ಕೆ ಬಂದು, ಮುಂದೆ ಮೈಸೂರು ಸಂಸ್ಥಾನದ ಕಾಲುವೆಗಳ ಉಸ್ತುವಾರಿ ಹೊತ್ತು, ಚಾಮರಾಜನಗರದ ಬಳಿಯ ಮೋರ್ಲೆಯಲ್ಲಿ ನೆಲೆಸಿದ ಈತ 1878ರಲ್ಲಿ ಪ್ರಕಟಿಸಿದ ಬೇಟೆಯ ಗ್ರಂಥದಲ್ಲಿ ಕೋವಿಗಳ ವಿಚಾರವನ್ನು ವಿವರವಾಗಿ ಚರ್ಚಿಸಿದ್ದಾನೆ. ಆನೆಗೆ ಅವನು ಆರಿಸಿದ್ದು ನಾಲ್ಕು ಬೋರಿನ ಕೋವಿ. ಅಂದರೆ ಒಂದು ಪೌಂಡ್ ಸೀಸದಿಂದ ನಾಲ್ಕೇ ಗುಂಡು ಎರಕ ಹೊಯ್ಯುವಷ್ಟು, ಸುಮಾರು ಒಂದು ಅಂಗುಲ ಅಗಲದ ನಳಿಕೆಯದು. ಮೊದಲು ಲ್ಯಾಂಗ್ ಕಂಪನಿಯ ಒಂಟಿನಳಿಕೆಯ ರೈಫಲ್ಲು ಬಳಸಿ, ಒಂದೇ ಗುಂಡಿನ ಭರವಸೆ ಸಾಲದೆಂದು ಕಂಡ ಮೇಲೆ ಗ್ರೀನರ್ ತಯಾರಿಸಿದ ಜೋಡುನಳಿಕೆಗೆ ಬಂದನು. ಒಳಗೆ ಸುರುಳಿ ಗೀರುಗಳಿಲ್ಲದ, ಒಂಬತ್ತು ಕಿಲೋಗ್ರಾಂ ಆಸುಪಾಸು ತೂಗುವ ಈ ಕೋವಿಗೆ ಅವನು ಹಾಕುತ್ತಿದ್ದುದು ಹನ್ನೆರಡು ಡ್ರಾಮ್, ಎಂದರೆ ಇಪ್ಪತ್ತೊಂದು ಗ್ರಾಂ ಕರಿಮದ್ದು.

ಇಷ್ಟು ಭಾರ ಹುಚ್ಚಾಟವಾಗಿರಲಿಲ್ಲ. ಆನೆಯ ತಲೆಬುರುಡೆಯೊಳಗೆ ಮಿದುಳಿನ ಸುತ್ತ ಜೇನುಗೂಡಿನಂಥ ದಪ್ಪ ಮೂಳೆಯಿದ್ದು, ಕರಿಮದ್ದು ನಿಧಾನಗತಿಯಲ್ಲಿ ತಳ್ಳುವ ಮೆತ್ತನೆಯ ಸೀಸವನ್ನು ಅದರ ಮೂಲಕ ಒಳಗೆ ನುಗ್ಗಿಸಲು ಗುಂಡಿನ ತೂಕವನ್ನೇ ಹೆಚ್ಚಿಸಬೇಕಾಗಿತ್ತು. ಗುಂಡಿನ ತೂಕ ಹೆಚ್ಚಿದಂತೆ ಒದೆತವೂ ಹೆಚ್ಚಿ, ಆ ಒದೆತವನ್ನು ಹೀರಲು ಕೋವಿಯೂ ಭಾರವಾಗಬೇಕಾಗಿತ್ತು. ಹೊಗೆಯಿಲ್ಲದ ಮದ್ದು, ಗಟ್ಟಿ ಲೋಹದ ಹೊದಿಕೆಯ ಗುಂಡು ಬಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಕೆಲಸಕ್ಕೆ ಸುಮಾರು ಐದು ಕಿಲೋಗ್ರಾಂ ಕೋವಿ ಸಾಕಾಯಿತು.

ಆದರೆ ಜೀನಿನ ಮೇಲೆ ಸಾಗಿಸಲಾಗದ ಆ ಒಂಬತ್ತು ಕಿಲೋ ಭಾರ ಹೊತ್ತು ನಡೆದವರು, ಹೆಜ್ಜೆ ಗುರುತಿಸಿ ಮುಂದಿದ್ದವರು ಈ ನಾಡಿನ ಜನ. ಕೋವಿಯ ಬೋರು, ತಯಾರಕನ ಹೆಸರು, ಮದ್ದಿನ ಅಳತೆ ಇವೆಲ್ಲ ಬೇಟೆಕಥೆಗಳ ಮರುನಿರೂಪಣೆಗಳಲ್ಲಿ ತಪ್ಪದೆ ಬರುವಾಗ, ಇವರು ಬರಿಯ ಆಳುಗಳಾಗಿ ಉಳಿದುಬಿಡುವುದು ಸಹಿಸತಕ್ಕ ಮಾತಲ್ಲ. 1874ರಲ್ಲಿ ಚಾಮರಾಜನಗರದ ಸಮೀಪ ಸ್ಯಾಂಡರ್‌ಸನ್ ನಡೆಸಿದ ಖೆಡ್ಡಾದಲ್ಲಿ, ಎಂದರೆ ಕಂದಕ ತೋಡಿ ಬೇಲಿಕಟ್ಟಿದ ಆವರಣಕ್ಕೆ ಆನೆಗಳನ್ನು ಅಟ್ಟಿ ಹಿಡಿಯುವ ಕಾರ್ಯದಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಯಾದವು. ಅಲ್ಲಿ ಕಾವಲು ಕಾದು, ಬೆಂಕಿ ಹಾಕಿ, ಗದ್ದಲವೆಬ್ಬಿಸಿ ಹಿಂಡನ್ನು ಒಳಕ್ಕೆ ತಿರುಗಿಸಿದವರೂ ಸುತ್ತಲ ಹಳ್ಳಿಗಳ ಜನರೇ.