ಸರ್ವನಾಮಗಳನ್ನು ಅದಲುಬದಲು ಮಾಡುವ ತಂತ್ರಾಂಶ

ಬರಹವೊಂದರಲ್ಲಿರುವ ‘ನಾನು’ ಎಂಬುದನ್ನು ‘ನೀನು’ ಎಂದೋ ‘ಅವನು’ ಎಂಬುದನ್ನು ‘ಅವಳು’ ಎಂದೋ ಬದಲಿಸಿಕೊಡುವ ಕೆಲಸಕ್ಕೆ ಲೈಬ್ರರಿಗಳಿವೆ. ಲೈಬ್ರರಿ ಎಂದರೆ ಬೇರೆ ಬೇರೆ ತಂತ್ರಾಂಶಗಳು ಅಗತ್ಯವಿದ್ದಾಗ ಕರೆದು ಬಳಸಿಕೊಳ್ಳುವಂತೆ ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಸಂಗ್ರಹ. ಈ ಕೆಲಸದ ಪ್ರಸಿದ್ಧ ಮೊದಲ ಮಾದರಿ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಜೋಸೆಫ್ ವೈಜನ್‌ಬಾಮ್ ರೂಪಿಸಿ, 1966ರಲ್ಲಿ ಪ್ರಬಂಧದ ಮೂಲಕ ಪರಿಚಯಿಸಿದ ‘ಎಲೈಜಾ’. ಮನೋವೈದ್ಯರ ಧಾಟಿಯಲ್ಲಿ ಮಾತನಾಡುತ್ತಿದ್ದ ಈ ಪ್ರೋಗ್ರಾಂ, ಬಳಕೆದಾರ ಟೈಪ್ ಮಾಡಿದ ವಾಕ್ಯದಲ್ಲಿನ ‘ನನ್ನ’ ಎಂಬುದನ್ನು ‘ನಿಮ್ಮ’ ಎಂದು ತಿರುಗಿಸಿ, ಆ ವಾಕ್ಯದ ಭಾಗವನ್ನು ಹಲವು ಬಾರಿ ಪ್ರಶ್ನೆಯಾಗಿ ಹಿಂದಿರುಗಿಸುತ್ತಿತ್ತು. ಮಾತಿನ ಅರ್ಥ ಅದಕ್ಕೆ ತಿಳಿಯದಿದ್ದರೂ, ಸರ್ವನಾಮ ತಿರುಗಿದ ಮಾತ್ರಕ್ಕೆ ತಮ್ಮ ಮಾತನ್ನು ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆಂಬ ಭಾವನೆ ಬಳಸಿದವರಲ್ಲಿ ಮೂಡುತ್ತಿತ್ತು, ಮತ್ತು ಇದು ಸ್ವತಃ ವೈಜನ್‌ಬಾಮ್ ಅವರನ್ನು ಕಳವಳಕ್ಕೀಡುಮಾಡಿತು.

2001ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ನ್ಯಾಚುರಲ್ ಲ್ಯಾಂಗ್ವೇಜ್ ಟೂಲ್‌ಕಿಟ್’ ಎಂಬ ಪೈಥಾನ್ ಲೈಬ್ರರಿಯಲ್ಲಿ ಇದೇ ತಂತ್ರ ಒಂದು ಪುಟ್ಟ ಕೋಷ್ಟಕವಾಗಿ ಉಳಿದುಬಂದಿದೆ. ಕೋಷ್ಟಕದ ಒಂದು ಬದಿಯಲ್ಲಿ ‘ಐ’, ‘ಮೈ’, ‘ಐ ಆಮ್’ ಮುಂತಾದವೂ ಇನ್ನೊಂದು ಬದಿಯಲ್ಲಿ ‘ಯು’, ‘ಯುವರ್’, ‘ಯು ಆರ್’ ಮುಂತಾದವೂ ಇರುತ್ತವೆ. ಬದಲಾವಣೆಗಳನ್ನು ಒಂದಾದ ಮೇಲೊಂದರಂತೆ ಮಾಡಿದರೆ, ‘ಐ’ ಹೋಗಿ ಬಂದ ‘ಯು’ ಮುಂದಿನ ಸುತ್ತಿನಲ್ಲಿ ಮತ್ತೆ ಉತ್ತಮಪುರುಷಕ್ಕೇ ಮರಳಿಬಿಡುವುದರಿಂದ, ಇಡೀ ವಾಕ್ಯವನ್ನು ಒಂದೇ ಸಲ ಓದಿ, ಉದ್ದವಾದ ರೂಪಗಳನ್ನು ಮೊದಲು ಹುಡುಕಿ, ಒಮ್ಮೆ ಬದಲಾದ ಪದವನ್ನು ಮತ್ತೆ ಮುಟ್ಟದಂತೆ ನೋಡಿಕೊಳ್ಳಲಾಗುತ್ತದೆ. ಆದರೂ ‘ಯು’ ಕರ್ತೃವಾದಾಗ ‘ಐ’ ಆಗಬೇಕು, ಕರ್ಮವಾದಾಗ ‘ಮಿ’ ಆಗಬೇಕು ಎಂಬ ವಿವೇಚನೆ ಕೋಷ್ಟಕಕ್ಕಿಲ್ಲ. ಅದು ‘ಯು’ ಒಂದನ್ನೇ ನೋಡಿ ‘ಮಿ’ ಎಂದು ಬರೆಯುತ್ತದೆಯಾದ್ದರಿಂದ ‘ಯು ಲೈಕ್ ಮ್ಯೂಸಿಕ್’ ಎಂಬ ವಾಕ್ಯ ‘ಮಿ ಲೈಕ್ ಮ್ಯೂಸಿಕ್’ ಆಗುತ್ತದೆ.

ಲಿಂಗವನ್ನು ಬದಲಿಸುವಾಗಲೂ ಇಂತಹ ತೊಡಕೇ ಎದುರಾಗುತ್ತದೆ. ಇಂಗ್ಲಿಷಿನ ‘ಹರ್’ ಎಂಬ ಒಂದೇ ರೂಪ ‘ಅವಳನ್ನು’ ಎಂಬುದಕ್ಕೂ ‘ಅವಳ’ ಎಂಬುದಕ್ಕೂ ಸಲ್ಲುವುದರಿಂದ, ಅದು ‘ಹಿಮ್’ ಆಗಬೇಕೋ ‘ಹಿಸ್’ ಆಗಬೇಕೋ ಎಂದು ನಿರ್ಧರಿಸಲು ವಾಕ್ಯದ ಪ್ರತಿ ಪದದ ವ್ಯಾಕರಣ ವರ್ಗವನ್ನು ಮೊದಲು ಗುರುತಿಸಿಕೊಳ್ಳಬೇಕಾಗುತ್ತದೆ. ಈ ಶ್ರಮಕ್ಕೆ ಕಾರಣವಿದೆ. ಭಾಷಾ ತಂತ್ರಾಂಶಗಳು ತಾವು ಕಲಿತ ಬರಹಗಳಲ್ಲಿನ ಪೂರ್ವಗ್ರಹಗಳನ್ನೂ ಕಲಿತುಬಿಡುವುದರಿಂದ, ವಾಕ್ಯವೊಂದರ ಸರ್ವನಾಮವನ್ನಷ್ಟೇ ಬದಲಿಸಿ, ವೈದ್ಯರೆಂದರೆ ಗಂಡಸು, ದಾದಿಯೆಂದರೆ ಹೆಂಗಸು ಎಂಬ ಊಹೆಯನ್ನು ಯಂತ್ರ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನ 2018ರಿಂದೀಚೆಗೆ ಸಂಶೋಧನೆಯಲ್ಲಿ ನೆಲೆಗೊಂಡಿದೆ. ನ್ಯಾಯದ ಪ್ರಶ್ನೆಯೊಂದನ್ನು ಹೀಗೆ ಅಳೆದು ನೋಡಬಹುದಾದ ಪ್ರಯೋಗವನ್ನಾಗಿ ಮಾಡಿದ್ದು ಈ ಲೈಬ್ರರಿಗಳ ನಿಜವಾದ ಬೆಲೆ.

ಇದೇ ಪರೀಕ್ಷೆ ಕನ್ನಡದಲ್ಲಿಯೂ ನಡೆಯಬೇಕಾದರೆ ಕೋಷ್ಟಕದ ಮಾರ್ಗ ಆರಂಭದಲ್ಲಿಯೇ ಮುಗ್ಗರಿಸುತ್ತದೆ, ಏಕೆಂದರೆ ಕನ್ನಡದಲ್ಲಿ ಪುರುಷ, ಲಿಂಗ, ವಚನಗಳು ಸರ್ವನಾಮದಲ್ಲಿ ಇರುವಂತೆಯೇ ಕ್ರಿಯಾಪದದ ಕೊನೆಯ ಆಖ್ಯಾತ ಪ್ರತ್ಯಯದಲ್ಲಿಯೂ ಇರುತ್ತವೆ. ‘ಅವನು ಬಂದನು’ ಎಂಬುದರಲ್ಲಿ ಸರ್ವನಾಮವನ್ನು ಮಾತ್ರ ಬದಲಿಸಿದರೆ ‘ಅವಳು ಬಂದನು’ ಎಂಬ ಅಪಪ್ರಯೋಗ ಉಂಟಾಗುತ್ತದೆ. ಸರ್ವನಾಮವನ್ನು ಬಿಟ್ಟು ‘ನಿನ್ನೆ ಊರಿಗೆ ಹೋದಳು’ ಎಂದೇ ಬರೆಯುವುದು ವಾಡಿಕೆಯಾದ್ದರಿಂದ ಹಲವೆಡೆ ಬದಲಿಸಲು ಸರ್ವನಾಮವೇ ಸಿಗುವುದಿಲ್ಲ. ‘ನಿನ್ನೆ ಊರಿಗೆ ಹೋದೆ’ ಎಂದಾಗಲಂತೂ ಹೋದದ್ದು ನಾನೋ ನೀನೋ ಎಂಬುದು ಹಿಂದಿನ ವಾಕ್ಯಗಳಿಂದಲೇ ತಿಳಿಯಬೇಕು. ಇದಕ್ಕೆ ಪ್ರತಿಯಾಗಿ ‘ನನಗೆ ಹಸಿವಾಗಿದೆ’ ಎಂಬಲ್ಲಿ ಕ್ರಿಯಾಪದ ಹಸಿವನ್ನು ಅನುಸರಿಸುವುದರಿಂದ, ‘ನನಗೆ’ ಎಂಬುದು ‘ಅವಳಿಗೆ’ ಆದರೂ ಕ್ರಿಯಾಪದವನ್ನು ಮುಟ್ಟಬಾರದು. ಇನ್ನೂ ಸೂಕ್ಷ್ಮವಾದದ್ದು ‘ಹೇಳಿದ’ ಎಂಬ ರೂಪ. ‘ಅವನು ಹೇಳಿದ’ ಎಂದು ವಾಕ್ಯ ಮುಗಿದರೆ ಅದು ‘ಅವಳು ಹೇಳಿದಳು’ ಆಗಬೇಕು, ‘ಅವನು ಹೇಳಿದ ಮಾತು’ ಎಂದು ಮುಂದುವರಿದರೆ ನಾಮಪದಕ್ಕೆ ವಿಶೇಷಣವಾದ ಕೃದಂತವಾಗಿ ‘ಅವಳು ಹೇಳಿದ ಮಾತು’ ಎಂದು ಹಾಗೆಯೇ ಉಳಿಯಬೇಕು.

ಲಿಪಿಯ ಮಟ್ಟದಲ್ಲಿಯೂ ಒಂದು ಅಪಾಯವಿದೆ. ‘ಅವನ’ ಎಂಬ ಅಕ್ಷರಸರಣಿ ಕಂಡಲ್ಲೆಲ್ಲ ‘ಅವಳ’ ಎಂದು ಬದಲಿಸಿದರೆ ‘ಅವನತಿ’ ಎಂಬ ಪದ ಕೆಡುತ್ತದೆ ಎಂಬುದು ಸುಲಭವಾಗಿ ಹೊಳೆಯುತ್ತದೆ. ಅದನ್ನು ತಪ್ಪಿಸಲು ಪದದ ಎರಡೂ ಅಂಚುಗಳನ್ನು ಗುರುತಿಸಿ ಹುಡುಕುವ ಸೌಲಭ್ಯವೂ ಇದೆ. ಆದರೆ ಪೈಥಾನ್‌ನ ಮೂಲ ಹುಡುಕು ವ್ಯವಸ್ಥೆ ಯೂನಿಕೋಡ್‌ನ ಸ್ವರಚಿಹ್ನೆಗಳನ್ನು ಅಕ್ಷರಗಳೆಂದು ಎಣಿಸುವುದಿಲ್ಲ. ಹಾಗಾಗಿ ‘ನಿ’ಯಲ್ಲಿನ ಗುಡಿಸಿಗಿಂತ ಮುಂಚೆಯೇ ಪದ ಮುಗಿಯಿತೆಂದು ಅದು ಭಾವಿಸುವುದರಿಂದ, ಭೂಮಿ ಎಂಬ ಅರ್ಥದ ‘ಅವನಿ’ ಜೋಡಿ ಮಕ್ಕಳನ್ನು ಸೂಚಿಸುವ ‘ಅವಳಿ’ಯಾಗಿಬಿಡುತ್ತದೆ. ಎರಡೂ ಕನ್ನಡದ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕಕ್ಕೂ ಈ ತಪ್ಪು ಸಿಕ್ಕುವುದಿಲ್ಲ. ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸಿ, ಸರ್ವನಾಮವನ್ನೂ ಅದಕ್ಕೆ ಹೊಂದುವ ಕ್ರಿಯಾಪದವನ್ನೂ ಒಟ್ಟಿಗೆ ಬದಲಿಸಿ, ಸಂಧಿಯ ನಿಯಮದಂತೆ ಮತ್ತೆ ಜೋಡಿಸುವ ವಿಶ್ಲೇಷಕವೇ ಇಲ್ಲಿ ಲೈಬ್ರರಿಯ ತಳಹದಿಯಾಗಬೇಕು.

ಲಿಂಗವನ್ನು ಸೂಚಿಸದೆ ಒಬ್ಬರನ್ನೇ ಹೇಳುವ ಇಂಗ್ಲಿಷಿನ ‘ದೇ’ ಎಂಬ ರೂಪಕ್ಕೆ ಸಮನಾಗಿ ‘ಅವರು’ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ ಎಂದು ತೋರಬಹುದು. ‘ಮೇಷ್ಟ್ರು ಬಂದರು’ ಎಂಬಲ್ಲಿ ಅದು ಸಹಜವಾಗಿ ಹೊಂದಿಕೊಳ್ಳುತ್ತದೆ. ಆದರೆ ‘ಕಳ್ಳ ಗೋಡೆ ಹಾರಿದ, ಅವನನ್ನು ಯಾರೂ ನೋಡಲಿಲ್ಲ’ ಎಂಬಲ್ಲಿ ‘ಅವರನ್ನು’ ಎಂದರೆ, ಓದುಗರು ಹಲವು ಕಳ್ಳರಿದ್ದರೆಂದು ತಿಳಿಯುತ್ತಾರೆ ಇಲ್ಲವೇ ಕಳ್ಳನಿಗೆ ಮರ್ಯಾದೆ ಕೊಟ್ಟಂತೆ ಓದಿಕೊಳ್ಳುತ್ತಾರೆ. ಆದ್ದರಿಂದ ಕನ್ನಡದ ಲೈಬ್ರರಿಯಲ್ಲಿ ಪುರುಷ, ಲಿಂಗ, ವಚನಗಳ ಜೊತೆಗೆ ಗೌರವವನ್ನೂ ಪ್ರತ್ಯೇಕ ಅಂಶವಾಗಿ ಗುರುತಿಸಿಡಬೇಕಾಗುತ್ತದೆ, ಮತ್ತು ಆ ಅಂಶವನ್ನು ತುಂಬಬೇಕಾದದ್ದು ಬರಹದ ಸಂದರ್ಭವನ್ನು ಬಲ್ಲ ಬಳಕೆದಾರ.