ಮಕ್ಕಳು ಹೆಸರು ಕೊರೆದ ಗೋಡೆ

ಕೆನಡಾ ದೇಶದ ಆಂಟೇರಿಯೋ ಪ್ರಾಂತ್ಯದಲ್ಲಿ ಬ್ರಾಂಟ್‌ಫರ್ಡ್ ಎಂಬ ನಗರವಿದೆ. ಅಲ್ಲಿಯ ಕೆಂಪು ಇಟ್ಟಿಗೆಯ ಒಂದು ಸೌಧವನ್ನು ಎದುರಿನಿಂದ ನೋಡಿದವರು ಯಾವನೋ ಸಿರಿವಂತನ ಬಂಗಲೆಯೆಂದೇ ಭಾವಿಸಿಯಾರು. ಹಿಂಬದಿಯ ಗೋಡೆ ಬೇರೆಯೇ ಕಥೆ ಹೇಳುತ್ತದೆ. ಅದರ ಇಟ್ಟಿಗೆಗಳ ಮೇಲೆ ಮಕ್ಕಳು ಕೊರೆದ ಹೆಸರುಗಳಿವೆ. ಇದೇ ಮೊಹಾಕ್ ಇನ್‌ಸ್ಟಿಟ್ಯೂಟ್. ಮೂಲನಿವಾಸಿ ಮಕ್ಕಳಿಗಾಗಿ ಆ ದೇಶದಲ್ಲಿ ಅತಿ ದೀರ್ಘಕಾಲ ನಡೆದ ವಸತಿ ಶಾಲೆ.

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ತಾಯ್ನೆಲ ಕಳೆದುಕೊಂಡ ಮೊಹಾಕ್ ಮೊದಲಾದ ಆರು ಬುಡಕಟ್ಟುಗಳ ಜನರಿಗೆ 1784ರಲ್ಲಿ ಗ್ರ್ಯಾಂಡ್ ನದಿಯ ದಂಡೆಯ ಭೂಮಿ ದೊರೆಯಿತು. ಅವರ ನಡುವೆ ಆಂಗ್ಲಿಕನ್ ಪಂಥದ ‘ನ್ಯೂ ಇಂಗ್ಲೆಂಡ್ ಕಂಪನಿ’ ಎಂಬ ಧರ್ಮಪ್ರಚಾರ ಸಂಸ್ಥೆಯು 1828ರಲ್ಲಿ ಕಸುಬು ಕಲಿಸುವ ಶಾಲೆಯೊಂದನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಅದು ಮಕ್ಕಳನ್ನು ತಂದೆತಾಯಿಯರಿಂದ ಅಗಲಿಸಿ ಇರಿಸಿಕೊಳ್ಳುವ ನಿಲಯವಾಯಿತು.

ಗಂಜಿಯ ಗುಂಡಿ

ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ. ಮಕ್ಕಳು ಹೊಲ ಉತ್ತರು, ಹಸು ಕರೆದರು, ಬಟ್ಟೆ ಒಗೆದರು. ಆದರೆ ಹಾಲು, ಮೊಟ್ಟೆಗಳಲ್ಲಿ ಬಹುಪಾಲು ಮಾರುಕಟ್ಟೆಗೆ ಹೋಗುತ್ತಿತ್ತು. ಅವರ ತಟ್ಟೆಗೆ ಬೀಳುತ್ತಿದ್ದುದು ನೀರಾದ ಓಟ್ಸ್ ಗಂಜಿ. ಹೀಗಾಗಿ ಅವರು ಆ ಶಾಲೆಗೆ ‘ಮಶ್ ಹೋಲ್’, ಅಂದರೆ ಗಂಜಿಯ ಗುಂಡಿ ಎಂದು ಹೆಸರಿಟ್ಟರು. ತಾಯ್ನುಡಿಯಾಡಿದರೆ ಪೆಟ್ಟು ಬೀಳುತ್ತಿತ್ತು.

ಮಕ್ಕಳು ಸುಮ್ಮನೆ ಸಹಿಸಲಿಲ್ಲ. ಪದೇ ಪದೇ ಓಡಿಹೋದರು. 1903ರಲ್ಲಿ ಕಟ್ಟಡಕ್ಕೆ ಬೆಂಕಿಯಿಟ್ಟವರೂ ಅವರೇ. ಮರುವರ್ಷವೇ ಈಗಿನ ಸೌಧ ಎದ್ದು ನಿಂತಿತು! ಓಡಿಹೋದ ಹುಡುಗಿಯೊಬ್ಬಳನ್ನು ಕೂಡಿಹಾಕಿ ಥಳಿಸಿದುದಕ್ಕಾಗಿ ಆಕೆಯ ತಂದೆ ಮುಖ್ಯಾಧಿಕಾರಿಯ ಮೇಲೆ ದಾವೆ ಹೂಡಿ, 1914ರಲ್ಲಿ 400 ಡಾಲರ್ ಪರಿಹಾರ ಪಡೆದನು. ಶಾಲೆ ಮಾತ್ರ ನಿಲ್ಲಲಿಲ್ಲ. 1920ರ ಶಾಸನವು ಮೂಲನಿವಾಸಿ ಮಕ್ಕಳನ್ನು ಇಂಥ ಶಾಲೆಗಳಿಗೆ ಬಲವಂತವಾಗಿ ಸೇರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1922ರಲ್ಲಿ ಸರ್ಕಾರವೇ ಈ ಶಾಲೆಯನ್ನು ವಹಿಸಿಕೊಂಡರೂ ಆಂಗ್ಲಿಕನ್ನರ ಕೈವಾಡ ಮುಂದುವರಿಯಿತು. ಬಾಗಿಲು ಮುಚ್ಚಿದ್ದು 1970ರಲ್ಲಿ.

ಆಂಗ್ಲಿಕನ್ ಚರ್ಚು 1993ರಲ್ಲಿಯೂ, ಪ್ರಧಾನಿ ಸ್ಟೀಫನ್ ಹಾರ್ಪರ್ 2008ರಲ್ಲಿಯೂ ಕ್ಷಮೆ ಯಾಚಿಸಿದರು. ದೇಶದಾದ್ಯಂತ ಸುಮಾರು 1,50,000 ಮಕ್ಕಳು ಇಂಥ ಶಾಲೆಗಳನ್ನು ಹಾಯ್ದುಬಂದರೆಂದು ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ ವರದಿ ಮಾಡಿತು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ.

ಕೆಡವುವುದೋ, ಉಳಿಸುವುದೋ?

ಇಷ್ಟು ನೋವುಂಡ ಜನ ಆ ಕಟ್ಟಡವನ್ನು ನೆಲಸಮ ಮಾಡಬೇಕಿತ್ತಲ್ಲವೇ ಎಂದು ಓದುಗರು ಕೇಳಬಹುದು. ಮಾಡು ಸೋರಿ ಗೋಡೆಗಳು ಹಾಳಾಗುತ್ತಿದ್ದಾಗ ಆ ಪ್ರಶ್ನೆ ಅವರ ಮುಂದೆಯೇ ಬಂದಿತು. 2013ರಲ್ಲಿ ಅಭಿಪ್ರಾಯ ಕೇಳಿದಾಗ ಬಹುತೇಕ ಎಲ್ಲರೂ ಉಳಿಸಬೇಕೆಂದರು. ಗೋಡೆ ಬಿದ್ದರೆ, ಇಂಥದು ನಡೆಯಲೇ ಇಲ್ಲವೆನ್ನುವವರಿಗೆ ತೋರಿಸುವುದೇನನ್ನು? ‘ಸಾಕ್ಷ್ಯವನ್ನು ಉಳಿಸಿ’ ಎಂಬ ಹೆಸರಿನಲ್ಲಿಯೇ ನಿಧಿ ಸಂಗ್ರಹವಾಯಿತು. 2025ರ ಸೆಪ್ಟೆಂಬರಿನಲ್ಲಿ ಕಟ್ಟಡವು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಅದೇ ಆವರಣದಲ್ಲಿ ಮೂಲನಿವಾಸಿಗಳೇ 1972ರಲ್ಲಿ ಸ್ಥಾಪಿಸಿದ ವುಡ್‌ಲ್ಯಾಂಡ್ ಸಾಂಸ್ಕೃತಿಕ ಕೇಂದ್ರವಿದೆ. ಯಾವ ನುಡಿಗಳನ್ನಾಡಿದರೆ ಮಕ್ಕಳು ಅಲ್ಲಿ ಪೆಟ್ಟು ತಿನ್ನುತ್ತಿದ್ದರೋ, ಆ ನುಡಿಗಳನ್ನು ಉಳಿಸುವ ಕೆಲಸ ಈಗ ಅಲ್ಲಿಯೇ ನಡೆದಿದೆ.